ಒಂದೇ ಸದಸ್ಯ, ಎರಡು ಬಾಕಿ: ಶಿರಸಿಯ ಅಡಿಕೆ ವಹಿವಾಟಿನಲ್ಲಿ ಒಂದು ಹೈಬರ್ನೇಟ್ ಸೆಷನ್ ಪ್ರಕರಣ

ಇದು ಶಿರಸಿ ಸೀಮೆಯ ಒಂದು ಅಡಿಕೆ ಮಾರಾಟ ಸಂಸ್ಥೆಯಲ್ಲಿ ನಡೆದದ್ದು. ಸಂಸ್ಥೆಯ ಹೆಸರು, ಜನರ ಹೆಸರು, ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ತಂತ್ರಾಂಶ ಬರೆದವರು, ನೋಡಿಕೊಳ್ಳುವವರು ಬೇರೆ. ನಾನು ತೊಂದರೆ ಜೋರಾದ ಮೇಲೆ ಹೊರಗಿನಿಂದ ಹೋಗಿ ನೋಡಿದವನು. ಹಳೆಯ ಹೈಬರ್ನೇಟ್ ಕೋಡಿನ ಮೇಲೆ ಹೊಸ ಸ್ಪ್ರಿಂಗ್ ಬೂಟ್ ಕೂರಿಸಿಕೊಂಡು ದಿನ ದೂಡುತ್ತಿರುವವರು ನಮ್ಮ ಕಡೆ ಬಹಳ ಇದ್ದಾರೆ, ಅವರಿಗಾಗಿ ಇದನ್ನು ಬರೆದಿದ್ದೇನೆ. ಹೈಬರ್ನೇಟ್ ಎಂದರೆ ಡೇಟಾಬೇಸಿನ ಸಾಲುಗಳನ್ನು ಜಾವಾ ಆಬ್ಜೆಕ್ಟುಗಳಾಗಿ ತಂದು, ಬದಲಾದದ್ದನ್ನು ಮರಳಿ ಬರೆಯುವ ಲೈಬ್ರರಿ; ಅದು ಡೇಟಾಬೇಸಿನೊಂದಿಗೆ ನಡೆಸುವ ಒಂದು ಸುತ್ತಿನ ಕೆಲಸವೇ ಸೆಷನ್. ಸ್ಪ್ರಿಂಗ್ ಬೂಟ್ ಜಾವಾ ಅಪ್ಲಿಕೇಶನ್ ಕಟ್ಟುವ ಚೌಕಟ್ಟು.

ಹಿನ್ನೆಲೆ

ಘಟ್ಟದ ಮೇಲಿನ ಅಡಿಕೆ ವ್ಯಾಪಾರ ಗೊತ್ತಿಲ್ಲದವರಿಗೆ ನಾಲ್ಕು ಮಾತು. ರೈತರು ಚೀಲ ತಂದು ಸಂಸ್ಥೆಯ ಅಂಗಳದಲ್ಲಿ ಇಳಿಸುತ್ತಾರೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು ಎಂದು ಬಗೆ ಪ್ರಕಾರ ತೂಕವಾಗಿ ಒಬ್ಬೊಬ್ಬರ ಮಾಲು ಲಾಟ್ ಆಗುತ್ತದೆ. ವ್ಯಾಪಾರಿಗಳು ಮಾಲು ನೋಡಿ ಟೆಂಡರ್ ಬರೆಯುತ್ತಾರೆ, ಹೆಚ್ಚು ದರ ಬರೆದವರಿಗೆ ಲಾಟ್. ದರ ಹೊರಬಿದ್ದ ಮೇಲೆ ಪಟ್ಟಿ ತಯಾರಾಗಬೇಕು: ತೂಕ, ದರ, ಹಮಾಲಿ, ಕಮಿಷನ್, ಸಾಲದ ಬಾಕಿಗೆ ಹಿಡಿದ ಮೊತ್ತ, ಉಳಿದು ಕೈಗೆ ಬರುವುದು. ಟೆಂಡರ್ ದಿನ ಮಧ್ಯಾಹ್ನದ ಮೇಲೆ ಕೌಂಟರಿನ ಮುಂದೆ ಸಾಲು. ಅದರಲ್ಲಿ ಅರ್ಧ ಜನ ಸಿದ್ದಾಪುರದ ಕಡೆಗೋ ಯಲ್ಲಾಪುರದ ಕಡೆಗೋ ಸಂಜೆಯ ಬಸ್ಸು ಹಿಡಿಯಬೇಕಾದವರು. ಮಾರ್ಚ್ ತಿಂಗಳಲ್ಲಂತೂ ಬೆಳೆಸಾಲ ತುಂಬಲು 31ರ ಗಡುವು ತಲೆಯ ಮೇಲಿರುತ್ತದೆ, ಬಾಕಿ ಎಷ್ಟು ಎಂಬ ಪ್ರಶ್ನೆಯೇ ದಿನವಿಡೀ.

ತಂತ್ರಾಂಶದ ಪೂರ್ವೋತ್ತರ ಇಲ್ಲಿ ಮುಖ್ಯ. ಮೊದಲ ಆವೃತ್ತಿ ಬಂದದ್ದು ಹೈಬರ್ನೇಟ್ 3ರ ಕಾಲದಲ್ಲಿ. ಆಗಿನ ರೂಢಿಯಂತೆ ‘ಹೈಬರ್ನೇಟ್‌ಯುಟಿಲ್’ ಎಂಬ ಒಂದು ಕ್ಲಾಸ್ ಇತ್ತು. ಅದು ಸೆಷನ್ನುಗಳನ್ನು ತೆರೆದುಕೊಡುವ ಸೆಷನ್ ಫ್ಯಾಕ್ಟರಿಯನ್ನು ಒಮ್ಮೆ ಕಟ್ಟಿಟ್ಟುಕೊಳ್ಳುತ್ತಿತ್ತು. ಕೋಡಿನ ಯಾವ ಮೂಲೆಯಿಂದ ಕೇಳಿದರೂ ಆ ಥ್ರೆಡ್ಡಿಗೆ (ಸರ್ವರಿನೊಳಗೆ ಕೆಲಸ ನಡೆಸುವ ಒಂದು ಎಳೆಗೆ) ಸೇರಿದ ಸೆಷನ್ನನ್ನು ಥ್ರೆಡ್‌ಲೋಕಲ್, ಅಂದರೆ ಆ ಥ್ರೆಡ್ಡಿನ ಸ್ವಂತ ಖಾನೆಯಿಂದ, ತೆಗೆದುಕೊಡುತ್ತಿತ್ತು. ಇಷ್ಟರಲ್ಲಿ ತಪ್ಪೇನೂ ಇಲ್ಲ. ಸೆಷನ್ ಫ್ಯಾಕ್ಟರಿ ಕಟ್ಟುವುದು ದುಬಾರಿ ಕೆಲಸ, ಒಂದು ಡೇಟಾಬೇಸಿಗೆ ಒಂದೇ ಸಾಕು, ಎಲ್ಲ ಥ್ರೆಡ್ಡುಗಳೂ ಹಂಚಿಕೊಳ್ಳಬಹುದು. ಸೆಷನ್ ಹಾಗಲ್ಲ. ಅದನ್ನು ತೆರೆಯುವುದು ಅಗ್ಗ, ಥ್ರೆಡ್ಡುಗಳ ನಡುವೆ ಹಂಚುವಂತಿಲ್ಲ, ಕೆಲಸ ಮುಗಿದೊಡನೆ ಮುಚ್ಚಬೇಕು. ಮುಚ್ಚುವ ಜವಾಬ್ದಾರಿಗೆ, ಪ್ರತಿ ರಿಕ್ವೆಸ್ಟೂ ಹಾದುಹೋಗುವ ಒಂದು ಸರ್ವ್ಲೆಟ್ ಫಿಲ್ಟರ್ ಇತ್ತು. ಪ್ರತಿ ರಿಕ್ವೆಸ್ಟಿನ ಕೊನೆಗೆ ಅದು ಆ ಥ್ರೆಡ್ಡಿನ ಸೆಷನ್ ಮುಚ್ಚಿ, ಥ್ರೆಡ್‌ಲೋಕಲ್ ಖಾಲಿ ಮಾಡುತ್ತಿತ್ತು.

ಮುಂದೆ ತಂತ್ರಾಂಶ ಸ್ಪ್ರಿಂಗ್ ಬೂಟ್ 2ಕ್ಕೆ ಬಂತು. ಹೈಬರ್ನೇಟ್ 5, ಮೈಎಸ್‌ಕ್ಯೂಎಲ್, ಡೇಟಾಬೇಸ್ ಕನೆಕ್ಷನ್ನುಗಳನ್ನು ತೆರೆದಿಟ್ಟು, ಬೇಕಾದವರಿಗೆ ಕೊಟ್ಟು ಹಿಂಪಡೆಯುವ ಕನೆಕ್ಷನ್ ಪೂಲಿಗೆ ಹಿಕಾರಿ. ಪಟ್ಟಿ, ಲಾಟ್, ಟೆಂಡರ್ ಭಾಗಗಳನ್ನು ಹೊಸದಾಗಿ ಸ್ಪ್ರಿಂಗ್ ಡೇಟಾ ರೆಪಾಸಿಟರಿಗಳಲ್ಲಿ ಬರೆದರು. ಸಾಲದ ಖಾತೆಯ ಭಾಗ ‘ನಡೆಯುತ್ತಿದೆಯಲ್ಲ, ಇರಲಿ’ ಎಂದು ಹಾಗೇ ಉಳಿಯಿತು, ಹೈಬರ್ನೇಟ್‌ಯುಟಿಲ್ ಸಮೇತ. ಇಷ್ಟಲ್ಲದೆ ತೂಕದ ವಿಭಾಗದಲ್ಲಿ ಇನ್ನೊಂದು ಹಳೆಯ ಡೆಸ್ಕ್‌ಟಾಪ್ ಪ್ರೋಗ್ರಾಂ. ಅದು ತೂಕದ ಯಂತ್ರದಿಂದ ಅಂಕಿ ಓದಿ ನೇರವಾಗಿ ಅದೇ ಡೇಟಾಬೇಸಿನ ಲಾಟ್ ಟೇಬಲ್ಲಿಗೆ ಬರೆಯುತ್ತದೆ. ಈ ಕೊನೆಯ ಸಂಗತಿ ಡೆವಲಪರ್ ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಕ್ಯಾಶ್ (ಮತ್ತೆ ಬೇಕಾದೀತೆಂದು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಪ್ರತಿ) ಬಗ್ಗೆ ತೀರ್ಮಾನ ತೆಗೆದುಕೊಳ್ಳುವಾಗ ಯಾರೂ ಅದರ ಮಾತೆತ್ತಲಿಲ್ಲ.

ತೊಂದರೆ

ದೂರುಗಳು ಮೂರು ಬಗೆ. ಬಹಳ ಕಾಲ ಯಾರೂ ಅವನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಮೊದಲನೆಯದು ನಿಧಾನ. ಬೆಳಿಗ್ಗೆ ಚುರುಕಾಗಿರುತ್ತಿದ್ದ ಪರದೆ ಹೊತ್ತು ಏರಿದಂತೆ ಭಾರವಾಗುತ್ತಿತ್ತು. ಟೆಂಡರ್ ದಿನ ಮೂರು ಗಂಟೆಯ ಸುಮಾರಿಗೆ ಒಮ್ಮೊಮ್ಮೆ ಪೂರ್ತಿ ನಿಂತೇಬಿಡುತ್ತಿತ್ತು. ಊಟದ ಹೊತ್ತಿಗೆ ಸರ್ವರ್ ರೀಸ್ಟಾರ್ಟ್ ಮಾಡುವುದು ಕಚೇರಿಯ ದಿನಚರಿಯೇ ಆಗಿಹೋಗಿತ್ತು.

ಎರಡನೆಯದು ಹೆಸರುಗಳದ್ದು. ನಮ್ಮ ಸೀಮೆಯಲ್ಲಿ ಗಣಪತಿ ಹೆಗಡೆ ಎಂದರೆ ಒಂದೇ ಊರಿನಲ್ಲಿ ನಾಲ್ವರು ಎದ್ದು ನಿಲ್ಲುತ್ತಾರೆ. ಊರು, ಕೇರಿ ಸೇರಿಸದೆ ಪಟ್ಟಿಯಲ್ಲಿ ಹೆಸರು ಹಾಕುವ ಹಾಗಿಲ್ಲ. ಕೆಲವು ಪಟ್ಟಿಗಳಲ್ಲಿ ಹೆಸರಿನ ಮುಂದೆ ಊರು ಎರಡು ಸಲ, ಮೂರು ಸಲ ಅಚ್ಚಾಗತೊಡಗಿತು. ಡೇಟಾ ಎಂಟ್ರಿ ಮಾಡುವ ಹುಡುಗಿಯನ್ನು ಮ್ಯಾನೇಜರು ಕರೆದು ಎರಡು ಸಲ ಗದರಿಸಿದ್ದರು. ಆಕೆ ಹೆಸರಿನ ತಂಟೆಗೇ ಹೋಗಿರಲಿಲ್ಲ.

ಮೂರನೆಯದು ನಿಜವಾಗಿ ನಿದ್ದೆ ಕೆಡಿಸಿದ್ದು. ಹಿರಿಯ ಸದಸ್ಯರೊಬ್ಬರು ಹಿಂದಿನ ದಿನ ಸಾಲದ ಕಂತು ತುಂಬಿ ರಸೀದಿ ಪಡೆದು ಹೋಗಿದ್ದರು. ಮಾರನೆಯ ದಿನ ಪಟ್ಟಿಗೆ ಬಂದಾಗ ಬಾಕಿ ಹಳೆಯದೇ. “ಎಂತದಾ ತಮಾ, ನಿನ್ನೆ ತುಂಬಿದ ದುಡ್ಡು ಎಲ್ಲಿ ಹೋತು?” ಎಂದು ರಸೀದಿ ಹಿಡಿದು ಕೇಳಿದರು. ಕೌಂಟರಿನ ಹುಡುಗ ಪುಟವನ್ನು ರಿಫ್ರೆಶ್ ಮಾಡಿದ, ಹೊಸ ಬಾಕಿ ಬಂತು. ಗಾಬರಿಯಲ್ಲಿ ಇನ್ನೊಮ್ಮೆ ಮಾಡಿದ, ಮತ್ತೆ ಹಳೆಯದು. ಅದೇ ಹೊತ್ತಿಗೆ ಪಕ್ಕದ ಕೌಂಟರಿನಲ್ಲಿ ಸರಿಯಾದ ಮೊತ್ತವೇ ಇತ್ತು. ಅಷ್ಟು ಹೊತ್ತಿಗೆ ಸಾಲಿನಲ್ಲಿದ್ದ ಎಲ್ಲರೂ ತಂತಮ್ಮ ಪಾಸ್‌ಬುಕ್ ತೆಗೆದಿದ್ದರು. ಸಹಕಾರಿ ರಂಗದಲ್ಲಿ ಸದಸ್ಯನಿಗೆ ಲೆಕ್ಕದ ಮೇಲೆ ಸಂಶಯ ಬಂತೆಂದರೆ ಅದು ಸರ್ವಸಾಧಾರಣ ಸಭೆಯವರೆಗೂ ಹೋಗುತ್ತದೆ.

ಮೊದಲು ಮಾಡಿ ನೋಡಿದ್ದು

ಬ್ರೌಸರ್ ಮೇಲೆ ಮೊದಲ ಗುಮಾನಿ. ಪುಟ ಕ್ಯಾಶ್ ಆಗದಂತೆ ಹೆಡರ್ ಹಾಕಿದರು. ಉಪಯೋಗವಾಗಲಿಲ್ಲ. ಈ ಗುಮಾನಿ ತಪ್ಪೆಂದು ಮೊದಲ ದಿನವೇ ಗೊತ್ತಾಗಬೇಕಿತ್ತು: ಬ್ರೌಸರ್ ಹಳೆಯ ಪುಟ ಇಟ್ಟುಕೊಂಡಿದ್ದರೆ ಒಮ್ಮೆ ಹೊಸದು ಬಂದ ಮೇಲೆ ಮತ್ತೆ ಹಳೆಯದು ಬರಲು ಕಾರಣವೇ ಇಲ್ಲ.

ಎರಡನೆಯದು ಡೇಟಾಬೇಸ್. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ತಾನಾಗಿ ಇಟ್ಟುಕೊಳ್ಳುವ ಐಸೊಲೇಶನ್ ಮಟ್ಟ, ಅಂದರೆ ಒಂದು ಟ್ರಾನ್ಸಾಕ್ಷನ್ನಿಗೆ (ಒಟ್ಟಿಗೆ ಮುಗಿಯಬೇಕಾದ ಕೆಲಸದ ಗುಂಪಿಗೆ) ಬೇರೆಯವರ ಬದಲಾವಣೆ ಎಷ್ಟು ಕಾಣಬೇಕೆಂಬ ನಿಯಮ, ರಿಪೀಟೆಬಲ್ ರೀಡ್. ಒಂದು ಟ್ರಾನ್ಸಾಕ್ಷನ್ ಮುಗಿಯದೆ ತೆರೆದೇ ಇದ್ದರೆ, ಅದು ಮೊದಲ ಸಲ ಓದಿದಾಗಿನ ಚಿತ್ರವನ್ನೇ ಕೊನೆಯವರೆಗೂ ಕಾಣುತ್ತದೆ. ಹಾಗಾಗಿ ತಂಡದ ಹಿರಿಯ ಡೆವಲಪರ್ ಮಟ್ಟವನ್ನು, ಬೇರೆಯವರು ಬರೆದು ಮುಗಿಸಿದ್ದೆಲ್ಲ ಕಾಣುವ ರೀಡ್ ಕಮಿಟೆಡ್‌ಗೆ ಇಳಿಸಿದರು. ಊಹೆ ಬುದ್ಧಿವಂತಿಕೆಯದೇ. ಆದರೆ ಲಕ್ಷಣ ಬದಲಾಗಲಿಲ್ಲ. ಅವರು ಎಸ್‌ಕ್ಯೂಎಲ್ ಲಾಗ್ ತೆರೆದು ನೋಡಿದಾಗ ವಿಷಯ ಇನ್ನೂ ಗೋಜಲಾಯಿತು: ಪ್ರತಿ ರಿಫ್ರೆಶ್‌ಗೂ ಸೆಲೆಕ್ಟ್ ಕ್ವೆರಿ ಡೇಟಾಬೇಸಿಗೆ ಹೋಗುತ್ತಿದೆ, ಅದೇ ಕ್ವೆರಿಯನ್ನು ಕೈಯಾರೆ ಓಡಿಸಿದರೆ ಹೊಸ ಬಾಕಿ ಬರುತ್ತದೆ, ಪರದೆಯ ಮೇಲೆ ಮಾತ್ರ ಹಳೆಯದು. ಈ ಜಾಗದಲ್ಲಿ ತಂಡ ಬಹಳ ದಿನ ಸಿಕ್ಕಿಬಿದ್ದಿತ್ತು.

ನಿಧಾನಕ್ಕೆ ಬೇರೆ ಮದ್ದು ಹುಡುಕಿದರು. ಎಲ್ಲ ಸೆಷನ್ನುಗಳೂ ಹಂಚಿಕೊಳ್ಳುವ, ಹೈಬರ್ನೇಟಿನ ಎರಡನೇ ಹಂತದ ಕ್ಯಾಶ್ ಹಾಕಿದರೆ ಡೇಟಾಬೇಸಿಗೆ ಹೋಗುವುದೇ ತಪ್ಪುತ್ತದೆ ಎಂಬ ಸಲಹೆ ಬಂತು. ಇಹೆಚ್‌ಕ್ಯಾಶ್ ಜೋಡಿಸಿ ಹೊಸ ಭಾಗದ ಎಲ್ಲ ಎಂಟಿಟಿಗಳ (ಟೇಬಲ್ಲಿನ ಸಾಲಿಗೆ ಹೊಂದುವ ಜಾವಾ ಕ್ಲಾಸುಗಳ) ಮೇಲೂ ಒಂದೇ ಸಂಜೆ ಕ್ಯಾಶ್ ಅನೊಟೇಶನ್ ಬಿತ್ತು, ಜೊತೆಗೆ ಕ್ವೆರಿಯ ಫಲಿತಾಂಶವನ್ನೇ ಇಟ್ಟುಕೊಳ್ಳುವ ಕ್ವೆರಿ ಕ್ಯಾಶ್ ಬೇರೆ. ಮರುದಿನ ಬೆಳಿಗ್ಗೆ ಎಲ್ಲರ ಮುಖದಲ್ಲೂ ನಗು. ಮಧ್ಯಾಹ್ನ ಒಬ್ಬ ಗುಮಾಸ್ತರು ತೂಕದ ಚೀಟಿಯನ್ನು ಪಟ್ಟಿಯ ಪಕ್ಕ ಇಟ್ಟು ನೋಡಿದರು. ಚೀಟಿಯಲ್ಲಿ ತಿದ್ದಿದ ತೂಕ, ಪಟ್ಟಿಯಲ್ಲಿ ತಿದ್ದುವ ಮೊದಲಿನದು. ತೂಕದ ಪ್ರೋಗ್ರಾಂ ಲಾಟ್ ಟೇಬಲ್ಲಿಗೆ ನೇರವಾಗಿ ಬರೆದದ್ದು ಹೈಬರ್ನೇಟಿಗೆ ಗೊತ್ತೇ ಇಲ್ಲ. ತನ್ನ ಕ್ಯಾಶಿನಲ್ಲಿದ್ದ ಹಳೆಯ ಲಾಟ್ ಕೊಟ್ಟು ಕೂತಿತು. ಹಣ ಪಾವತಿಯಾಗುವ ಮೊದಲೇ ಸಿಕ್ಕಿದ್ದು ಪುಣ್ಯ. ಆ ಗುಮಾಸ್ತರಿಗೆ ಕಂಪ್ಯೂಟರಿನ ಮೇಲೆ ಎಂದೂ ನಂಬಿಕೆ ಇರಲಿಲ್ಲವಂತೆ. ಅವತ್ತು ಅವರದೇ ಗೆಲುವು. ಸಂಜೆಯೊಳಗೆ ಕ್ಯಾಶ್ ತೆಗೆದರು.

ಕ್ವೆರಿ ಕ್ಯಾಶ್ ಈ ವಹಿವಾಟಿಗೆ ಹೊಂದುವಂಥದ್ದೇ ಅಲ್ಲ. ಒಂದು ಟೇಬಲ್ಲಿನ ಯಾವುದೇ ಸಾಲು ಬದಲಾದರೂ ಆ ಟೇಬಲ್ ಸೇರಿರುವ ಎಲ್ಲ ಕ್ವೆರಿಗಳ ಫಲಿತಾಂಶವನ್ನೂ ಹೈಬರ್ನೇಟ್ ಹಳತೆಂದು ಪರಿಗಣಿಸುತ್ತದೆ. ಟೆಂಡರ್ ದಿನ ಲಾಟ್ ಮತ್ತು ಪಟ್ಟಿ ಟೇಬಲ್ಲುಗಳಿಗೆ ಕ್ಷಣ ಕ್ಷಣಕ್ಕೂ ಬರಹ ಬೀಳುತ್ತಿರುತ್ತದೆ. ಇಟ್ಟದ್ದು ಬಳಕೆಯಾಗುವ ಮೊದಲೇ ಕೆಡುತ್ತದೆ. ಇಡುವ, ತೆಗೆಯುವ ಖರ್ಚು ಮಾತ್ರ ಲೆಕ್ಕಕ್ಕೆ.

ಕೊನೆಗೆ ಪೂಲ್. ಸರ್ವರ್ ನಿಂತಾಗಲೆಲ್ಲ ಲಾಗ್‌ನಲ್ಲಿ ಹಿಕಾರಿಯ ದೂರು ಕಾಣುತ್ತಿತ್ತು: ಕನೆಕ್ಷನ್ ಸಿಗಲಿಲ್ಲ, 30000 ಮಿಲಿಸೆಕೆಂಡ್ ಕಾದು ಕೈಬಿಟ್ಟೆ. ಹಿಕಾರಿ ತಾನಾಗಿ ಇಟ್ಟುಕೊಳ್ಳುವ ಗರಿಷ್ಠ ಕನೆಕ್ಷನ್ 10. ಅದನ್ನು 50ಕ್ಕೆ ಏರಿಸಿದರು. ನಿಲ್ಲುವ ಹೊತ್ತು ಸ್ವಲ್ಪ ಮುಂದೆ ಹೋಯಿತು, ನಿಲ್ಲುವುದು ತಪ್ಪಲಿಲ್ಲ. ಬಿಡದೆ ಹಿಡಿದುಕೊಂಡವರು ಯಾರು ಎಂದು ನೋಡದೆ ಕನೆಕ್ಷನ್ ಹೆಚ್ಚಿಸುತ್ತಾ ಹೋದರೆ ಡೇಟಾಬೇಸಿನ ಮೇಲಿನ ಹೊರೆ ಬೆಳೆಯುತ್ತದೆ, ಅಷ್ಟೇ.

ಪುಟದ ಮೂಲೆಯಲ್ಲಿ ಥ್ರೆಡ್ಡಿನ ಹೆಸರು

ನಾನು ಹೋದಾಗ ನನಗೆ ಹೇಳಿದ್ದು ‘ಕ್ಯಾಶ್ ಸಮಸ್ಯೆ’ ಎಂದು. ಎರಡನೇ ಹಂತದ ಕ್ಯಾಶ್ ತೆಗೆದಾಗಿದೆ, ಆದರೂ ಹಳೆಯ ಬಾಕಿ ಬರುತ್ತಿದೆ. ಹಾಗಾದರೆ ಯಾವ ಕ್ಯಾಶ್? ಉಳಿದದ್ದು ಮೊದಲ ಹಂತದ್ದು, ಅಂದರೆ ಸೆಷನ್ನೇ. ಅದನ್ನು ತೆಗೆಯಲು ಬರುವುದಿಲ್ಲ, ಪ್ರತಿ ಸೆಷನ್ನಿನ ಹೊಟ್ಟೆಯಲ್ಲೇ ಅದು ಇರುತ್ತದೆ. ಒಂದು ಸೆಷನ್ ತಾನು ಒಮ್ಮೆ ಓದಿದ ಸದಸ್ಯನ ಖಾತೆಯನ್ನು ಅದರ ಐಡಿ ಹಿಡಿದು ಇಟ್ಟುಕೊಳ್ಳುತ್ತದೆ. ಮುಂದೆ ಅದೇ ಸೆಷನ್ನಿನಲ್ಲಿ ಕ್ವೆರಿ ಓಡಿಸಿದರೆ ಎಸ್‌ಕ್ಯೂಎಲ್ ಡೇಟಾಬೇಸಿಗೆ ಹೋಗುತ್ತದೆ, ಸಾಲುಗಳೂ ಬರುತ್ತವೆ. ಬಂದ ಸಾಲಿನ ಐಡಿ ಈಗಾಗಲೇ ಸೆಷನ್ನಿನಲ್ಲಿದೆ ಎಂದು ಕಂಡರೆ ಹೈಬರ್ನೇಟ್ ಹೊಸ ಮೌಲ್ಯಗಳನ್ನು ಬದಿಗಿಟ್ಟು ತನ್ನಲ್ಲಿದ್ದ ಹಳೆಯ ಆಬ್ಜೆಕ್ಟನ್ನೇ ಕೊಡುತ್ತದೆ. ಇದು ದೋಷವಲ್ಲ. ಒಂದು ಕೆಲಸದ ನಡುವೆ ಒಂದೇ ಸಾಲಿಗೆ ಎರಡು ಬೇರೆ ಆಬ್ಜೆಕ್ಟುಗಳು ಇರಬಾರದೆಂದೇ ಹಾಗೆ ಮಾಡಿದ್ದಾರೆ. ಎಸ್‌ಕ್ಯೂಎಲ್ ಲಾಗ್ ಮತ್ತು ಪರದೆ ಒಂದಕ್ಕೊಂದು ತಾಳೆಯಾಗದ ಗುಟ್ಟು ಇಲ್ಲಿತ್ತು. ಗುಮಾಸ್ತರೊಬ್ಬರು ಬೆಳಿಗ್ಗೆ ಖಾತೆ ಪುಸ್ತಕ ನೋಡಿ ಬಾಕಿಯನ್ನು ಚೀಟಿಯಲ್ಲಿ ಬರೆದು ಮೇಜಿನ ಗಾಜಿನಡಿ ಇಟ್ಟುಕೊಂಡು, ಆಮೇಲೆ ಪ್ರತಿ ಸಲವೂ ಎದ್ದು ಹೋಗಿ ಪುಸ್ತಕ ತೆರೆದು ಬಂದು, ಹೇಳುವಾಗ ಮಾತ್ರ ಚೀಟಿ ನೋಡಿ ಹೇಳಿದಂತೆ.

ಆದರೆ ಸೆಷನ್ ರಿಕ್ವೆಸ್ಟಿನೊಂದಿಗೇ ಮುಚ್ಚಿಹೋಗಬೇಕಲ್ಲ, ನಿನ್ನೆಯ ಬಾಕಿ ಇವತ್ತು ಹೇಗೆ? ಊಹೆ ಒಂದಿತ್ತು, ಸಾಬೀತು ಮಾಡಬೇಕಿತ್ತು. ಬಾಕಿ ತೋರಿಸುವ ಪುಟದ ಬಲ ಮೂಲೆಯಲ್ಲಿ, ರಿಕ್ವೆಸ್ಟನ್ನು ನಡೆಸಿದ ಟಾಮ್‌ಕ್ಯಾಟ್ (ವೆಬ್ ಸರ್ವರ್) ಥ್ರೆಡ್ಡಿನ ಹೆಸರು ಸಣ್ಣಕ್ಷರದಲ್ಲಿ ಬರುವಂತೆ ಮಾಡಿಸಿದೆ. ಒಬ್ಬ ಸಿಬ್ಬಂದಿಯ ಪರೀಕ್ಷಾ ಖಾತೆಗೆ ನೂರು ರೂಪಾಯಿ ತುಂಬಿ, ರಿಫ್ರೆಶ್ ಒತ್ತುತ್ತಾ ಕೂತೆವು. ‘ಎಕ್ಸೆಕ್-7’ ಬಂದಾಗ ಹಳೆಯ ಬಾಕಿ. ‘ಎಕ್ಸೆಕ್-12’ ಬಂದಾಗ ಹೊಸದು. ‘ಎಕ್ಸೆಕ್-3’ ಹಳೆಯದು. ಮತ್ತೆ ‘ಎಕ್ಸೆಕ್-7’, ಮತ್ತೆ ಹಳೆಯದೇ. ಒಂದು ಥ್ರೆಡ್ ಒಂದು ಸಲ ಏನು ಹೇಳಿತೋ ಅದನ್ನೇ ಕೊನೆಯವರೆಗೂ ಹೇಳುತ್ತಿತ್ತು. ಹಿರಿಯ ಡೆವಲಪರ್ ನನ್ನ ಮುಖ ನೋಡದೆ ನೇರ ಹೈಬರ್ನೇಟ್‌ಯುಟಿಲ್ ಫೈಲ್ ತೆರೆದರು.

ಸೆಷನ್ ಮುಚ್ಚುತ್ತಿದ್ದ ಫಿಲ್ಟರಿನ ಕೋಡು ಪ್ರಾಜೆಕ್ಟಿನಲ್ಲಿ ಹಾಗೇ ಇತ್ತು. ಅದನ್ನು ಕರೆಯುವವರೇ ಇರಲಿಲ್ಲ. ಹಳೆಯ ದಿನಗಳಲ್ಲಿ ಅದು ವೆಬ್.ಎಕ್ಸ್‌ಎಮ್‌ಎಲ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ನೋಂದಣಿಯಾಗಿತ್ತು. ಸ್ಪ್ರಿಂಗ್ ಬೂಟ್ ತನ್ನೊಳಗೇ ಇರುವ ಟಾಮ್‌ಕ್ಯಾಟ್‌ನೊಂದಿಗೆ ಜಾರ್ ಆಗಿ ಓಡುವಾಗ ವೆಬ್.ಎಕ್ಸ್‌ಎಮ್‌ಎಲ್ ಓದುವುದೇ ಇಲ್ಲ. ಸ್ಥಳಾಂತರದ ದಿನವೇ ಫಿಲ್ಟರ್ ಸದ್ದಿಲ್ಲದೆ ಸತ್ತಿತ್ತು. ಕಂಪೈಲರ್ ತಕರಾರು ಎತ್ತಲಿಲ್ಲ, ಪರೀಕ್ಷೆಗಳೂ ಪಾಸಾದವು. ಅಂದಿನಿಂದ ಪ್ರತಿ ಥ್ರೆಡ್ಡಿಗೂ ಒಂದೊಂದು ಸೆಷನ್ ಅಂಟಿಕೊಂಡು, ಆ ಥ್ರೆಡ್ ಇರುವವರೆಗೂ, ಹೆಚ್ಚೆಂದರೆ ಸರ್ವರ್ ರೀಸ್ಟಾರ್ಟ್ ಆಗುವವರೆಗೂ ಬದುಕುತ್ತಿತ್ತು. ಟಾಮ್‌ಕ್ಯಾಟ್ ಒಂದು ರಿಕ್ವೆಸ್ಟ್ ಮುಗಿದೊಡನೆ ಥ್ರೆಡ್ಡನ್ನು ಕೊಲ್ಲದೆ ಮರುಬಳಕೆ ಮಾಡುತ್ತದೆ; ತಾನಾಗಿ 200ರವರೆಗೆ ಬೆಳೆಸಿಕೊಳ್ಳುತ್ತದೆ.

ಹಾಗಿದ್ದರೆ ಕನೆಕ್ಷನ್ನುಗಳು ಮೊದಲ ದಿನವೇ ಮುಗಿದು ರೋಗ ಬಯಲಾಗಬೇಕಿತ್ತಲ್ಲವೇ? ಅಲ್ಲೊಂದು ತಮಾಷೆ ಇದೆ. ಹಳೆಯ ಸೆಟ್ಟಿಂಗ್‌ನಲ್ಲಿ, ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಕನೆಕ್ಷನ್ ಬಿಟ್ಟುಕೊಡಬೇಕೆಂದು ಯಾರೋ ಜಾಗರೂಕರು ಬರೆದಿಟ್ಟಿದ್ದರು. ಕನೆಕ್ಷನ್ ಪೂಲಿಗೆ ಮರಳುತ್ತಿತ್ತು, ಸೆಷನ್ ಮಾತ್ರ ಉಳಿಯುತ್ತಿತ್ತು. ಪ್ರತಿ ಸಲ ಟ್ರಾನ್ಸಾಕ್ಷನ್ ಸರಿಯಾಗಿ ಮುಗಿಯುತ್ತಿದ್ದರಿಂದಲೇ ಐಸೊಲೇಶನ್ ಮಟ್ಟ ಬದಲಿಸಿದ್ದು ಕೆಲಸಕ್ಕೆ ಬರಲಿಲ್ಲ. ಒಳ್ಳೆಯ ಸೆಟ್ಟಿಂಗ್ ಒಂದು ದೊಡ್ಡ ತಪ್ಪನ್ನು ಇಷ್ಟು ಕಾಲ ಮುಚ್ಚಿಟ್ಟಿತ್ತು.

ನಿಧಾನದ ಅರ್ಧ ಕಥೆಯೂ ಇಲ್ಲೇ ಸಿಕ್ಕಿತು. ಹೀಪ್ ಡಂಪ್ (ಮೆಮೊರಿಯ ಆ ಕ್ಷಣದ ನಕಲು) ತೆಗೆದು ಎಕ್ಲಿಪ್ಸ್ ಮೆಮೊರಿ ಅನಲೈಸರ್‌ನಲ್ಲಿ ತೆರೆದಾಗ, ಜಾಗ ತಿಂದವರ ಪಟ್ಟಿಯ ತುದಿಯಲ್ಲಿ ಸಾಲಾಗಿ ಟಾಮ್‌ಕ್ಯಾಟ್ ಥ್ರೆಡ್ಡುಗಳು, ಒಂದೊಂದರ ಥ್ರೆಡ್‌ಲೋಕಲ್ ಕೆಳಗೆ ಒಂದೊಂದು ಸೆಷನ್, ಅದರೊಳಗೆ ಬೆಳಗಿನಿಂದ ಯಾರ್ಯಾರು ಬಂದುಹೋದರೋ ಅವರೆಲ್ಲರ ಖಾತೆ, ಕಂತು, ಜಾಮೀನುದಾರರು. ಕ್ವೆರಿ ಓಡಿಸುವ ಮೊದಲು ಹೈಬರ್ನೇಟ್ ಫ್ಲಶ್‌ಗಾಗಿ (ಬದಲಾದದ್ದನ್ನು ಡೇಟಾಬೇಸಿಗೆ ಬರೆಯಲು) ಸೆಷನ್ನಿನಲ್ಲಿರುವ ಪ್ರತಿ ಎಂಟಿಟಿಯನ್ನೂ ಅದರ ಮೂಲ ಪ್ರತಿಯೊಂದಿಗೆ ಹೋಲಿಸಿ, ಬದಲಾಗಿದೆಯೇ ಎಂದು ನೋಡುತ್ತದೆ. ಹೊಟ್ಟೆ ಬೆಳೆದಷ್ಟೂ ಹೋಲಿಕೆ ದೀರ್ಘ. ಹೊತ್ತು ಏರಿದಂತೆ ಭಾರವಾಗುವುದಕ್ಕೂ, ರೀಸ್ಟಾರ್ಟ್ ಮಾಡಿದರೆ ಹಗುರಾಗುವುದಕ್ಕೂ ಕಾರಣ ಇದು. ಊಟದ ಹೊತ್ತಿನ ಆ ರೀಸ್ಟಾರ್ಟ್ ಇಲ್ಲದಿದ್ದರೆ ಹಳೆಯ ಬಾಕಿಯ ದೂರು ಇನ್ನೂ ಬೇಗ, ಇನ್ನೂ ಜೋರಾಗಿ ಬರುತ್ತಿತ್ತು.

ಇದಕ್ಕಿಂತ ಭಯಂಕರವಾದದ್ದು ಇನ್ನೊಂದು. ಪರದೆಯಲ್ಲಿ ಹಳೆಯ ಬಾಕಿ ಕಾಣುವುದು ಒಂದು ಮಾತು. ಆ ಹಳೆಯ ಬಾಕಿಯಿಂದಲೇ ಹೊಸ ಕಂತು ಕಳೆದು ಡೇಟಾಬೇಸಿಗೆ ಬರೆದರೆ? ಕೋಡು ಮಾಡುತ್ತಿದ್ದದ್ದು ಹಾಗೆಯೇ: ಆಬ್ಜೆಕ್ಟಿನಿಂದ ಬಾಕಿ ತೆಗೆ, ಕಂತು ಕಳೆ, ಮತ್ತೆ ಇಡು. ಹಿರಿಯ ಸದಸ್ಯರ ರಸೀದಿಯ ಹಣ ಹಾಗೆ ಅಳಿಸಿಹೋಗಬಹುದಿತ್ತು. ಅವರದು ಉಳಿದಿತ್ತು, ಬೇರೆ ಕೆಲವರದು ಉಳಿದಿರಲಿಲ್ಲ. ಪುಣ್ಯಕ್ಕೆ ಪ್ರತಿ ಜಮಾ, ಖರ್ಚಿಗೂ ಪ್ರತ್ಯೇಕ ನಮೂದು ಟೇಬಲ್ ಇತ್ತು, ಅದರಲ್ಲಿ ಹೊಸ ಸಾಲು ಸೇರುತ್ತಿತ್ತೇ ಹೊರತು ಹಳೆಯದು ಬದಲಾಗುತ್ತಿರಲಿಲ್ಲ. ನಮೂದುಗಳನ್ನು ಕೂಡಿ ಬಾಕಿ ಕಾಲಂಗೆ ತಾಳೆ ನೋಡಿ, ವ್ಯತ್ಯಾಸ ಬಂದವರ ಯಾದಿ ಮಾಡಿ, ಮ್ಯಾನೇಜರೇ ಕೂತು ಒಂದೊಂದಾಗಿ ಸರಿಪಡಿಸಿದರು. ಸದಸ್ಯರಿಗೆ ವಿಷಯ ತಿಳಿಸಬೇಕೋ ಬೇಡವೋ ಎಂಬ ಚರ್ಚೆ ಆಯಿತು. ತಿಳಿಸಿದರು. ಆ ತೀರ್ಮಾನ ಸಂಸ್ಥೆಯದು, ಮೆಚ್ಚಬೇಕಾದದ್ದು.

ದುರಸ್ತಿ, ಮತ್ತು ಅದರ ನಡುವೆ ಎದ್ದ ಜಗಳಗಳು

ಫಿಲ್ಟರನ್ನು ಸ್ಪ್ರಿಂಗ್ ಬೂಟ್‌ನಲ್ಲಿ ನೋಂದಾಯಿಸಿದರೆ ಅವತ್ತಿಗೆ ಬೆಂಕಿ ಆರುತ್ತಿತ್ತು. ಅದನ್ನು ಮೊದಲು ಮಾಡಿಸಿದೆ. ಆಮೇಲೆ ಹೈಬರ್ನೇಟ್‌ಯುಟಿಲ್‌ನ ಸ್ವಂತ ಸೆಷನ್ ಫ್ಯಾಕ್ಟರಿಯನ್ನೇ ಕಿತ್ತು, ಸಾಲದ ಭಾಗವೂ ಸ್ಪ್ರಿಂಗ್ ಕೊಡುವ ಸೆಷನ್ನನ್ನೇ ಬಳಸುವಂತೆ ಬದಲಿಸಲು ಶುರುಮಾಡಿದೆವು. ಒಂದೇ ಡೇಟಾಬೇಸಿಗೆ ಎರಡು ಫ್ಯಾಕ್ಟರಿ ಇದ್ದರೆ ಒಂದು ಮಾಡಿದ್ದು ಇನ್ನೊಂದಕ್ಕೆ ತಿಳಿಯದು.

ಮಧ್ಯಾಹ್ನ ಮೂರು ಗಂಟೆಯ ಹೊತ್ತಿನ ನಿಲುಗಡೆ ಬಾಕಿ ಉಳಿದಿತ್ತು. ಮುಂದಿನ ಟೆಂಡರ್ ದಿನ ಸರ್ವರ್ ನಿಂತ ಹೊತ್ತಿನಲ್ಲೇ ಥ್ರೆಡ್ ಡಂಪ್ (ಆ ಕ್ಷಣ ಪ್ರತಿ ಥ್ರೆಡ್ ಏನು ಮಾಡುತ್ತಿದೆ ಎಂಬ ಯಾದಿ) ತೆಗೆದೆವು. ಬಹುಪಾಲು ಥ್ರೆಡ್ಡುಗಳು ಹಿಕಾರಿಯ ಬಾಗಿಲಲ್ಲಿ ಕನೆಕ್ಷನ್ನಿಗಾಗಿ ಕಾಯುತ್ತಿದ್ದವು. ಕನೆಕ್ಷನ್ ಹಿಡಿದುಕೊಂಡವು ಏನು ಮಾಡುತ್ತಿದ್ದವು? ಡೇಟಾಬೇಸಿನ ಕೆಲಸವನ್ನಂತೂ ಅಲ್ಲ. ಎಸ್‌ಎಂಎಸ್ ಕಳಿಸುವ ಹೊರಗಿನ ಸರ್ವರಿನ ಉತ್ತರಕ್ಕೆ ಕಾಯುತ್ತಿದ್ದವು. ಪಟ್ಟಿ ಉಳಿಸಿದ ಮೇಲೆ ಅದೇ ರಿಕ್ವೆಸ್ಟಿನಲ್ಲಿ ರೈತರ ಮೊಬೈಲಿಗೆ ಸಂದೇಶ ಹೋಗುತ್ತಿತ್ತು. ಎಷ್ಟು ಹೊತ್ತು ಕಾಯಬೇಕೆಂದು ಕೋಡು ಎಲ್ಲೂ ಹೇಳಿರಲಿಲ್ಲ, ಹೇಳದಿದ್ದರೆ ಜಾವಾದ ಸಾಮಾನ್ಯ ಎಚ್‌ಟಿಟಿಪಿ ಕನೆಕ್ಷನ್ ಉತ್ತರಕ್ಕಾಗಿ ಮಿತಿಯಿಲ್ಲದೆ ಕಾಯುತ್ತದೆ.

ಟ್ರಾನ್ಸಾಕ್ಷನ್ ಮುಗಿದ ಮೇಲೂ ಕನೆಕ್ಷನ್ ಏಕೆ ಬಿಡಲಿಲ್ಲ ಎಂದು ಕಿರಿಯ ಡೆವಲಪರ್ ಕೇಳಿದ. ಸರಿಯಾದ ಪ್ರಶ್ನೆ. ಸ್ಪ್ರಿಂಗ್ ಬೂಟ್‌ನಲ್ಲಿ ‘ಓಪನ್ ಇನ್ ವ್ಯೂ’ ತಾನಾಗಿಯೇ ಚಾಲೂ ಇರುತ್ತದೆ. ಪುಟ ಪೂರ್ತಿ ತಯಾರಾಗಿ ಹೋಗುವವರೆಗೂ ಸೆಷನ್ ತೆರೆದಿಡುವ ವ್ಯವಸ್ಥೆ ಅದು. ಟೆಂಪ್ಲೇಟಿನಲ್ಲಿ ಲೇಜಿ ಸಂಬಂಧಗಳನ್ನು (ಮುಟ್ಟಿದಾಗ ಮಾತ್ರ ಡೇಟಾಬೇಸಿನಿಂದ ಬರುವ ಜೋಡಣೆಗಳನ್ನು) ಮುಟ್ಟಿದರೆ ತಕರಾರು ಬರಬಾರದೆಂದು. ಸ್ಪ್ರಿಂಗ್ ಹೈಬರ್ನೇಟನ್ನು ಜೋಡಿಸುವ ರೀತಿಯಲ್ಲಿ, ಸೆಷನ್ ಒಮ್ಮೆ ಪಡೆದ ಕನೆಕ್ಷನ್ನನ್ನು ತಾನು ಮುಚ್ಚುವವರೆಗೂ ಬಿಡುವುದಿಲ್ಲ. ಹಳೆಯ ಭಾಗದಲ್ಲಿ ಕನೆಕ್ಷನ್ ಬಿಟ್ಟು ಸೆಷನ್ ಉಳಿಯುತ್ತಿತ್ತು, ಹೊಸ ಭಾಗದಲ್ಲಿ ಸೆಷನ್ನಿನ ಜೊತೆ ಕನೆಕ್ಷನ್ನೂ ಉಳಿಯುತ್ತಿತ್ತು. ಸರ್ವರ್ ಶುರುವಾಗುವಾಗ ಈ ಬಗ್ಗೆ ಒಂದು ಎಚ್ಚರಿಕೆಯ ಸಾಲು ಲಾಗ್‌ನಲ್ಲಿ ಬರುತ್ತದೆ. ಈ ಸರ್ವರಿನಲ್ಲಿ ದಿನಕ್ಕೊಮ್ಮೆ ಊಟದ ಹೊತ್ತಿಗೆ ಬರುತ್ತಿತ್ತು.

‘ಓಪನ್ ಇನ್ ವ್ಯೂ’ ಆರಿಸಲು, ಅಂದರೆ ಬಂದ್ ಮಾಡಲು, ನಾನು ಹೇಳಿದೆ. ಹಿರಿಯ ಡೆವಲಪರ್ ಒಪ್ಪಲಿಲ್ಲ, ಅವರ ಅಂಜಿಕೆಗೆ ಕಾರಣವೂ ಇತ್ತು: ಆರಿಸಿದರೆ ಲೇಜಿ ಇನಿಶಿಯಲೈಸೇಶನ್ ಎಕ್ಸೆಪ್ಷನ್ ಎಲ್ಲಿಂದೆಲ್ಲ ಬೀಳುತ್ತದೋ ಹೇಳಲಾಗದು. ಹಂಗಾಮಿನ ನಡುವೆ ಬೇಡ ಎಂದರು. ಒಪ್ಪಂದಕ್ಕೆ ಬಂದೆವು. ಮೊದಲು ಎಸ್‌ಎಂಎಸ್ ಮಾತ್ರ ಹೊರಗೆ: ಪಟ್ಟಿ ಉಳಿಸುವ ಟ್ರಾನ್ಸಾಕ್ಷನ್ನಿನಲ್ಲೇ ‘ಕಳಿಸಬೇಕಾದ ಸಂದೇಶ’ ಎಂಬ ಟೇಬಲ್ಲಿಗೆ ಒಂದು ಸಾಲು, ಅದನ್ನು ಓದಿ ಕಳಿಸಲು ಬೇರೆ ಥ್ರೆಡ್, ಕಾಯಲು ಮಿತಿ. ನಿಲುಗಡೆ ಅಲ್ಲಿಗೆ ನಿಂತಿತು, ಪೂಲ್ ಮತ್ತೆ 10ಕ್ಕೆ ಇಳಿಯಿತು. ‘ಓಪನ್ ಇನ್ ವ್ಯೂ’ ಆರಿಸಿದ್ದು ಮಳೆಗಾಲದಲ್ಲಿ, ಆವಕ ಕಡಿಮೆಯಾದ ಮೇಲೆ.

ಆರಿಸಿದಾಗ ಎಕ್ಸೆಪ್ಷನ್ ಮಳೆಯೂ ಬಂತು. ಎರಡು ಅಡ್ಡದಾರಿಗಳ ಪ್ರಸ್ತಾಪ ಬಂತು, ಎರಡನ್ನೂ ಬೇಡವೆಂದೆ. ಒಂದು, ಎಲ್ಲ ಸಂಬಂಧಗಳನ್ನೂ ಈಗರ್, ಅಂದರೆ ಮೊದಲೇ ಬರುವಂತೆ, ಮಾಡುವುದು. ಬೇಕಿರಲಿ ಬಿಡಲಿ ಸದಸ್ಯನ ಜೊತೆ ಅವನ ಇಡೀ ಚರಿತ್ರೆ ಬರುತ್ತದೆ. ಇನ್ನೊಂದು, ಟ್ರಾನ್ಸಾಕ್ಷನ್ ಇಲ್ಲದೆಯೂ ಲೇಜಿ ಲೋಡ್ ಆಗಲು ಬಿಡುವ ಹೈಬರ್ನೇಟ್ ಸೆಟ್ಟಿಂಗ್. ಅದು ಒಳಗೊಳಗೇ ತಾತ್ಕಾಲಿಕ ಸೆಷನ್ ತೆರೆಯುತ್ತಾ ಹೋಗುತ್ತದೆ, ಮತ್ತೆ ಅದೇ ಕತ್ತಲು. ಎಕ್ಸೆಪ್ಷನ್ ಬಂದ ಕಡೆಯೆಲ್ಲ ಆ ಪುಟಕ್ಕೆ ನಿಜವಾಗಿ ಏನು ಬೇಕು ಎಂದು ಕೇಳಿ ಕ್ವೆರಿ ಬರೆದರು. ಪಟ್ಟಿಗಳ ಯಾದಿಯ ಪುಟ ಒಂದೊಂದು ಪಟ್ಟಿಗೂ ಸದಸ್ಯ, ಊರು, ಸಾಲ ಎಂದು ಬಿಡಿಬಿಡಿಯಾಗಿ ಡೇಟಾಬೇಸಿಗೆ ಹೋಗುತ್ತಿದ್ದದ್ದು ಆಗ ಗೊತ್ತಾಯಿತು. ಎಲ್ಲವನ್ನೂ ಒಂದೇ ಕ್ವೆರಿಯಲ್ಲಿ ತರುವ ಜಾಯಿನ್ ಫೆಚ್ ಹಾಕಿದರು. ಅಲ್ಲೂ ಒಂದು ಗುಂಡಿ: ಪುಟವಾರು ವಿಂಗಡಿಸುವ ಕ್ವೆರಿಯಲ್ಲಿ ಲಾಟುಗಳ ಕಲೆಕ್ಷನ್ನನ್ನು ಫೆಚ್ ಮಾಡಿದರೆ ಹೈಬರ್ನೇಟ್ ಎಲ್ಲವನ್ನೂ ಮೆಮೊರಿಗೆ ತಂದು ಅಲ್ಲಿ ಪುಟ ಕತ್ತರಿಸುತ್ತದೆ, ಲಾಗ್‌ನಲ್ಲಿ ಎಚ್‌ಎಚ್‌ಎಚ್‌000104 ಎಂಬ ಎಚ್ಚರಿಕೆ ಬಿಟ್ಟರೆ ಬೇರೆ ಸುಳಿವಿಲ್ಲ. ಮೊದಲು ಪುಟಕ್ಕೆ ಬೇಕಾದ ಐಡಿಗಳಷ್ಟನ್ನೇ ತಂದು, ಆ ಐಡಿಗಳಿಗೆ ಎರಡನೇ ಕ್ವೆರಿ ಬರೆದು ದಾಟಿದರು.

ಊರಿನ ಹೆಸರು ಬೆಳೆಯುತ್ತಿದ್ದ ರಹಸ್ಯ ಈ ಶುದ್ಧೀಕರಣದಲ್ಲಿ ಸಿಕ್ಕಿತು. ಮುದ್ರಣದ ಕೋಡು ಸದಸ್ಯನ ಎಂಟಿಟಿಯ ಹೆಸರಿಗೇ ಊರು ಸೇರಿಸಿ ಇಡುತ್ತಿತ್ತು. ಬರೆದವನಿಗೆ ಅದು ಅಚ್ಚಿಗಾಗಿ ಮಾತ್ರ. ಆದರೆ ಸೆಷನ್ ತೆರೆದೇ ಇದ್ದುದರಿಂದ ಎಂಟಿಟಿ ಅದರ ನಿಗಾದಲ್ಲೇ ಇತ್ತು. ಅದೇ ರಿಕ್ವೆಸ್ಟಿನಲ್ಲಿ ಆಮೇಲೆ ‘ಪಟ್ಟಿ ಮುದ್ರಿಸಲಾಗಿದೆ’ ಎಂಬ ನಮೂದು ಬರೆಯಲು ಹೊಸ ಟ್ರಾನ್ಸಾಕ್ಷನ್ ಶುರುವಾಗಿ ಮುಗಿಯುವಾಗ, ಬದಲಾದ ಹೆಸರೂ ಜೊತೆಗೆ ಡೇಟಾಬೇಸಿಗೆ ಹೋಯಿತು. ಸೇವ್ ಎಂದು ಯಾರೂ ಎಲ್ಲೂ ಬರೆದಿರಲಿಲ್ಲ. ಮ್ಯಾನೇಜರು ಆ ಹುಡುಗಿಯನ್ನು ಕರೆದು ಎಲ್ಲರೆದುರೇ “ತಂಗಿ, ನಿಂದೇನೂ ತಪ್ಪಿಲ್ಲ” ಎಂದರು. ಈಗ ಮುದ್ರಣಕ್ಕೆ ಎಂಟಿಟಿ ಹೋಗುವುದೇ ಇಲ್ಲ, ಬೇಕಾದ ಕಾಲಂಗಳಷ್ಟೇ ಇರುವ ಸಾದಾ ಆಬ್ಜೆಕ್ಟ್ ಹೋಗುತ್ತದೆ. ಲಾಗಿನ್ ಆದವರ ಎಂಟಿಟಿಯನ್ನು ಎಚ್‌ಟಿಟಿಪಿ ಸೆಷನ್ನಿನಲ್ಲಿ ಇಟ್ಟುಕೊಳ್ಳುವ ಚಾಳಿಯೂ ಇತ್ತು. ಅಲ್ಲಿ ಈಗ ಐಡಿ ಮಾತ್ರ.

ಕಂತು ಜಮೆಗೆ ಬೀಗ ಯಾವ ಬಗೆಯದೆಂದು ಇನ್ನೊಂದು ಚರ್ಚೆ. ಪ್ರತಿ ಬದಲಾವಣೆಗೂ ಏರುವ ವರ್ಷನ್ ಕಾಲಂ ಇಟ್ಟು, ಎರಡು ಕೌಂಟರ್ ಒಂದೇ ಖಾತೆಗೆ ಕೈಹಾಕಿದರೆ ಎರಡನೆಯವರಿಗೆ ‘ಮತ್ತೆ ಪ್ರಯತ್ನಿಸಿ’ ಎನ್ನುವುದು ಪುಸ್ತಕದ ದಾರಿ. ಸಾಲು ನಿಂತಿರುವ ಕೌಂಟರಿನಲ್ಲಿ ಆ ಸಂದೇಶ ಯಾರಿಗೂ ಬೇಡವಾಗಿತ್ತು. ಟ್ರಾನ್ಸಾಕ್ಷನ್ ಈಗ ಚಿಕ್ಕದಾಗಿದ್ದರಿಂದ ಖಾತೆಯ ಸಾಲನ್ನು ಓದುವಾಗಲೇ ಡೇಟಾಬೇಸಿನಲ್ಲಿ ಬೀಗ ಹಾಕಿ ಓದುವುದೆಂದು ನಿಶ್ಚಯಿಸಿದೆವು. ಒಂದು ಷರತ್ತು: ಆ ಸೆಷನ್ನಿನಲ್ಲಿ ಖಾತೆಯನ್ನು ಮೊದಲೇ ಓದಿರಬಾರದು. ಓದಿದ್ದರೆ, ವರ್ಷನ್ ಇಲ್ಲದ ಎಂಟಿಟಿಗೆ ಬೀಗ ಬೀಳುತ್ತದೆಯಾದರೂ ಕೈಯಲ್ಲಿರುವ ಮೌಲ್ಯ ಹಳೆಯದೇ ಇರುತ್ತದೆ, ರಿಫ್ರೆಶ್ ಮಾಡಿಕೊಳ್ಳಬೇಕು.

ಕ್ಯಾಶ್ ವಾಪಸ್ಸು ಬಂದದ್ದು

ಇಷ್ಟಾದ ಮೇಲೆ ಕ್ಯಾಶ್ ಎಂದರೆ ಕಚೇರಿಯಲ್ಲಿ ಎಲ್ಲರೂ ಬೆಚ್ಚಿಬೀಳುತ್ತಿದ್ದರು. ಅದೂ ಸರಿಯಲ್ಲ. ಪ್ರತಿ ಟೇಬಲ್ಲಿಗೂ ಒಂದೇ ಪ್ರಶ್ನೆ ಕೇಳೋಣ ಎಂದೆ: ಈ ಸಾಲನ್ನು ನಮ್ಮ ಅಪ್ಲಿಕೇಶನ್ ಬಿಟ್ಟು ಬೇರೆ ಯಾರು ಬರೆಯುತ್ತಾರೆ? ಅಡಿಕೆಯ ಬಗೆಗಳು, ಊರುಗಳ ಯಾದಿ, ಶಾಖೆಗಳು, ಕಮಿಷನ್ ದರ: ಇವನ್ನು ಬರೆಯುವುದು ಅಪ್ಲಿಕೇಶನ್ ಒಂದೇ, ಅದೂ ವರ್ಷಕ್ಕೆ ಒಂದೆರಡು ಸಲ. ಇವು ಎರಡನೇ ಹಂತದ ಕ್ಯಾಶಿಗೆ ಹೋದವು. ಲಾಟ್ ಟೇಬಲ್ ತೂಕದ ಪ್ರೋಗ್ರಾಂ ಇರುವವರೆಗೂ ಕ್ಯಾಶ್ ಆಗುವುದಿಲ್ಲ. ಸಾಲದ ಬಾಕಿ ಯಾವ ಕಾಲಕ್ಕೂ ಇಲ್ಲ. ಐಡಿ ಹಿಡಿದು ಒಂದು ಸಾಲು ತರುವುದು ಮೈಎಸ್‌ಕ್ಯೂಎಲ್‌ಗೆ ಭಾರವೇ ಅಲ್ಲ, ಅಲ್ಲಿ ಉಳಿಸುವುದಕ್ಕೇನೂ ಇಲ್ಲ. ಸದಸ್ಯರ ಹೆಸರು, ವಿಳಾಸದ ಟೇಬಲ್ ಬಗ್ಗೆ ತಂಡದಲ್ಲಿ ಒಮ್ಮತ ಬರಲಿಲ್ಲ. ಅಳತೆ ಮಾಡಿ ನೋಡಿದರು, ಜಾಯಿನ್ ಫೆಚ್ ಆದ ಮೇಲೆ ಅದನ್ನು ಕ್ಯಾಶ್ ಮಾಡಿದರೂ ಕೌಂಟರಿನಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವಷ್ಟಿರಲಿಲ್ಲ. ಬಿಟ್ಟರು.

ಎಚ್ಚರಿಕೆಯ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೈಬರ್ನೇಟ್ ಮೂಲಕವೇ ನೇಟಿವ್ (ನಾವೇ ನೇರವಾಗಿ ಬರೆದ) ಎಸ್‌ಕ್ಯೂಎಲ್ ಅಪ್‌ಡೇಟ್ ಓಡಿಸಿ, ಅದು ಯಾವ ಟೇಬಲ್ಲನ್ನು ಮುಟ್ಟುತ್ತದೆಂದು ತಿಳಿಸದಿದ್ದರೆ, ಹೈಬರ್ನೇಟ್ ಸುರಕ್ಷಿತವಾಗಿರಲೆಂದು ಎರಡನೇ ಹಂತದ ಇಡೀ ಕ್ಯಾಶನ್ನೇ ಖಾಲಿ ಮಾಡುತ್ತದೆ. ಇಲ್ಲಿ ರಾತ್ರಿಯ ಬಡ್ಡಿ ಲೆಕ್ಕದ ಕೋಡು ಹಾಗೆ ಮಾಡುತ್ತಿತ್ತು. ರಾತ್ರಿಯ ಕೆಲಸವಾದ್ದರಿಂದ ಹಾನಿಯಿಲ್ಲ. ಹಗಲು ಅಂಥದ್ದು ಇದ್ದಿದ್ದರೆ ಕ್ಯಾಶ್ ಇದ್ದೂ ಇಲ್ಲದಂತೆ.

ಥ್ರೆಡ್ಡಿನ ಹೆಸರನ್ನು ಪುಟದ ಮೂಲೆಯಿಂದ ತೆಗೆದು ಲಾಗ್‌ಗೆ ಹಾಕಿದ್ದಾರೆ. ಹಿಕಾರಿಯಲ್ಲಿ ಕನೆಕ್ಷನ್ ಸೋರಿಕೆ ಪತ್ತೆಯ ಮಿತಿ ಚಾಲೂ ಮಾಡಿದ್ದಾರೆ. ಹಿಡಿದ ಕನೆಕ್ಷನ್ ಹೊತ್ತಿಗೆ ಸರಿಯಾಗಿ ಮರಳದಿದ್ದರೆ ಯಾವ ಕೋಡು ಹಿಡಿದದ್ದೆಂದು ಸ್ಟ್ಯಾಕ್ ಸಮೇತ ಬರೆದಿಡುತ್ತದೆ. ಹೈಬರ್ನೇಟ್‌ಯುಟಿಲ್ ಮಾತ್ರ ಪೂರ್ತಿ ಹೋಗಿಲ್ಲ. ವರ್ಷಾಂತ್ಯದ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ತಯಾರಿಸುವ ವರದಿ ಇನ್ನೂ ಅದರ ಮೇಲೆಯೇ ನಿಂತಿದೆ, ಲೆಕ್ಕ ಪರಿಶೋಧನೆ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ ಎಂದು ಮ್ಯಾನೇಜರು ಹೇಳಿದ್ದಾರೆ. ಅಲ್ಲಿಯವರೆಗೆ ಆ ವರದಿಯ ಕೋಡಿನ ಸುತ್ತ ಕೈಯಾರೆ ಟ್ರೈ–ಫೈನಲಿ ಹಾಕಿ, ಸೆಷನ್ ಮುಚ್ಚುವ ಸಾಲನ್ನು ಫೈನಲಿಯಲ್ಲಿ ಬರೆದಿಟ್ಟಿದ್ದೇವೆ.